ಬೀಡುಕಬ್ಬಿಣದ ಟಬ್ಬು, ಕೆಳಗಿನ ಮನೆಯ ಸದ್ದು

ಈಗಲೂ ಬಕೆಟ್ ಅರ್ಧ ತುಂಬುವಷ್ಟರಲ್ಲಿ ನನ್ನ ಕೈ ತಾನಾಗಿ ನಲ್ಲಿಯನ್ನು ನಿಲ್ಲಿಸಿಬಿಡುತ್ತದೆ. ಆಮೇಲೆ ಕಿವಿಗೊಟ್ಟು ನಿಲ್ಲುತ್ತೇನೆ.

ಡೊಂಬಿವಲಿಯ ನಮ್ಮ ಹಳೆಯ ಕಟ್ಟಡದಲ್ಲಿ ಬಾತ್‌ರೂಮ್ ಕಿತ್ತು ಹೊಸದು ಮಾಡಿಸಿದ್ದು ಮಾವನ ಮೊಣಕಾಲಿಗಾಗಿ. ನೌಪಾಡಾದ ತಮ್ಮ ಹೋಟೆಲಿನ ಒಲೆಯೆದುರು ಆಯುಷ್ಯವಿಡೀ ನಿಂತ ಕಾಲು. ಬಿಸಿನೀರಲ್ಲಿ ಕೂತರೆ ನೋವು ಇಳಿದೀತು ಎಂದು ಡಾಕ್ಟರು ಹೇಳಿದ್ದರು. ಟಬ್ಬು ಯಾವುದರದ್ದು ಎಂಬಲ್ಲಿಗೆ ಮಾತು ಬಂದು ನಿಂತಿತು. ಕಲ್ಯಾಣದ ಅಂಗಡಿಯಲ್ಲಿ ನಾನು ಅಕ್ರಿಲಿಕ್‌ನದ್ದು ತೋರಿಸಿದೆ. ಮಾವ ಬೆರಳಿನಿಂದ ತಟ್ಟಿ ನೋಡಿ ಮುಖ ಸಿಂಡರಿಸಿದರು.

"ಎಂತದಿದು, ಪಾರ್ಸೆಲ್ ಡಬ್ಬಿಯಾ? ನಾನು ಇದರಲ್ಲಿ ಕೂತ್ರೆ ಚಟ್ನಿ ಸಮೇತ ಕಟ್ಟಿ ಕೊಡ್ಬಹುದು."

ಅಂಗಡಿಯವನು ಅವರನ್ನು ಬೀಡುಕಬ್ಬಿಣದ ಟಬ್ಬಿನ ಹತ್ತಿರ ಕರೆದೊಯ್ದ. ಒಳಗೆಲ್ಲ ಬಿಳಿ ಎನಾಮೆಲ್. "ಅಂಕಲ್, ಯೇ ತೋ ಲೈಫ್‌ಟೈಮ್ ಹೈ."

"ಯಾರ ಲೈಫ್‌ಟೈಮ್ ಅಂತ ಕೇಳು ಮಾರಾಯ್ತಿ," ಎಂದರು ಮಾವ ನನಗೆ. ಕಣ್ಣು ಮಾತ್ರ ಅದರ ಮೇಲೇ ಇತ್ತು. ತಳ ದಪ್ಪಗಿಲ್ಲದ ಪಾತ್ರೆಯನ್ನು ಅವರು ಎಂದೂ ಹೋಟೆಲಿಗೆ ಸೇರಿಸಿದವರಲ್ಲ.

"ನಮ್ಮದು ಹಳೇ ಬಿಲ್ಡಿಂಗ್, ಮಾವ."

"ಹಳೇದು ಅಂದ್ರೆ ಗಟ್ಟಿ."

ಅದನ್ನು ಹೊತ್ತು ತಂದ ಹಮಾಲರು ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಇಳಿಸಿ ಉಸಿರು ಬಿಟ್ಟಿದ್ದರು.

ಉಡುಪಿ ಕಡೆಯವರಾದ ನಮಗೆ ದೀಪಾವಳಿ ಶುರುವಾಗುವುದೇ ನೀರು ತುಂಬುವುದರಿಂದ. ಹಿಂದಿನ ಸಂಜೆ ಹಂಡೆ ತೊಳೆದು, ಶೇಡಿಮಣ್ಣಿನ ಬಿಳಿ ಗೆರೆ ಎಳೆದು, ಕಂಠಕ್ಕೆ ಹಾಗಲಬಳ್ಳಿ ಸುತ್ತಿ, ನೀರು ತುಂಬಿಸಿಡುತ್ತೇವೆ. ಬೆಳಗಿನ ಎಣ್ಣೆಸ್ನಾನದವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಆ ಸಲ ಮಾವ ಟಬ್ಬನ್ನೇ ಹಂಡೆ ಮಾಡಿದರು. ಅರ್ಧ ಸಾಕು ಎಂದೆ. "ಅರ್ಧ ತುಂಬಿಸ್ಲಿಕ್ಕೆ ಇದೇನು ಹೋಟೆಲಿನ ಕಟಿಂಗ್ ಚಾಯಾ?" ಎಂದು ನಕ್ಕರು. ಬಿಳಿ ಅಂಚಿನ ಸುತ್ತ ಹಾಗಲಬಳ್ಳಿ, ನಡುನಡುವೆ ಗೊಂಡೆಹೂ. ಕಂಠಮಟ್ಟ ನೀರು. ನಿಜ ಹೇಳಬೇಕೆಂದರೆ ನೋಡಲು ಚೆನ್ನಾಗಿತ್ತು.

ದೀಪವಿಟ್ಟು ಹೊರಬಂದು ಬಾಗಿಲು ಎಳೆದುಕೊಂಡೆ. ಮುಚ್ಚಲಿಲ್ಲ. ಮಧ್ಯಾಹ್ನ ಸಲೀಸಾಗಿ ಮುಚ್ಚಿದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಬಗ್ಗಿ ನೋಡಿದರೆ ಟಬ್ಬಿಗೂ ಗೋಡೆಗೂ ನಡುವೆ ಮೊದಲಿರದ, ಬೆರಳು ತೂರುವಷ್ಟು ಸಂದಿ; ಭಾರಕ್ಕೆ ನೆಲವೇ ಇಳಿಯುತ್ತಿತ್ತು. ನೋಡುತ್ತಿದ್ದಂತೆಯೇ 'ಟಕ್' ಎಂದು ನೆಲದ ಟೈಲ್ ಸೀಳಿತು.

ಅದೇ ಹೊತ್ತಿಗೆ ಬಾತ್‌ರೂಮಿನ ಸಣ್ಣ ಕಿಟಕಿಯಿಂದ ಕೆಳಗಿನ ಸದ್ದು ಕೇಳಿಸಿತು. ಕರ್, ಕರ್. ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಮರಾಠಿ ಕಾಕೂ ತಮ್ಮ ಬಾತ್‌ರೂಮಿನಲ್ಲಿ, ಸರಿಯಾಗಿ ಈ ಟಬ್ಬಿನ ಅಡಿಗೆ ಕೂತು, ಹಬ್ಬಕ್ಕೆ ತಾಮ್ರದ ಪಾತ್ರೆ ಉಜ್ಜುತ್ತಿದ್ದರು.

"ಕಾಕೂ, ಬಾಹೇರ್ ಯಾ! ಲವಕರ್!" ಬೇಗ ಹೊರಗೆ ಬನ್ನಿ ಎಂದು ಹೊಸ್ತಿಲಲ್ಲೇ ನಿಂತು ಕಿಟಕಿಯತ್ತ ಕೂಗಿದೆ.

"ಅಗಂ, ಭಾಂಡೀ ಘಾಸ್ತೇಯ್! ಥಾಂಬ್ ಜರಾ!" ಪಾತ್ರೆ ಉಜ್ಜುತ್ತಿದ್ದಾರಂತೆ, ತಡಿ ಅಂತೆ. ಮತ್ತೆ ಕರ್, ಕರ್.

"ಮಾವ, ನೀರು ಬಿಡಿ!"

"ಇವತ್ತು ತುಂಬಿಸಿದ ನೀರು ಬಿಡ್ಲಿಕ್ಕುಂಟಾ..." ಎನ್ನುವಷ್ಟರಲ್ಲಿ ಇನ್ನೊಂದು ಟಕ್. ಮಾವನ ಮುಖದ ಬಣ್ಣ ಇಳಿದುದನ್ನು ನೋಡಿಕೊಂಡೇ ನಾನು ಕೆಳಗೆ ಓಡಿದೆ.

ಬೆಲ್ಲಿನಿಂದ ಬೆರಳು ತೆಗೆಯಲೇ ಇಲ್ಲ. ಕಾಕೂ ಹುಣಸೆಹಣ್ಣು ಮೆತ್ತಿದ ಕೈಯಲ್ಲೇ ಬಾಗಿಲು ತೆರೆದು, "ಕಾಯ್ ಗಂ, ಆಗ್ ಲಾಗಲೀ ಕಾ?" ಎಂದು ಗದರಿದರು. ಬೆಂಕಿಯಾದರೂ ಬಿದ್ದಿದ್ದರೆ ಒಂದೇ ಮಾತಲ್ಲಿ ಹೇಳಬಹುದಿತ್ತು. ಅವರ ಕೈ ಹಿಡಿದು ಎಳೆದೆ. ಜಾರಿತು. ಅವರು ಒಳಕ್ಕೆ ತಿರುಗಿದರು. "ನಳ ಚಾಲೂ ಆಹೇ!" ನಲ್ಲಿ ಬಿಟ್ಟೇ ಬಂದಿದ್ದರು, ನಿಲ್ಲಿಸಬೇಕಿತ್ತು.

ಸೆರಗು ಸಿಕ್ಕಿತು. ಎರಡೂ ಕೈಯಲ್ಲಿ ಜಗ್ಗಿದೆ. ಅವರು ಬೈಯುತ್ತಲೇ ನನ್ನ ಮೇಲೆ ವಾಲಿದರು. ಆಗ ಒಳಗೆ ಏನೋ ಧಡ್ಡೆಂದಿತು, ಸುಣ್ಣದ ಧೂಳು ಹಾಲ್‌ವರೆಗೂ ಬಂತು.

ಅವರು ಕೂತಿದ್ದ ಮಣೆಯ ಮೇಲೆ ಸೂರಿನ ಸಿಮೆಂಟು ದಪ್ಪದಪ್ಪ ಹೆಂಟೆಯಾಗಿ ಬಿದ್ದಿತ್ತು. ಪಾತ್ರೆ ನಗ್ಗಿತ್ತು. ಮೇಲೆ ತುಕ್ಕು ಹಿಡಿದ ಸರಳುಗಳು, ಅವುಗಳ ಮೇಲೆ ನಮ್ಮ ಟಬ್ಬು. ನಲ್ಲಿ ಇನ್ನೂ ಸುರಿಯುತ್ತಿತ್ತು. ಇಬ್ಬರೂ ಹೋಗಿ ನಿಲ್ಲಿಸಲಿಲ್ಲ.

ಮೇಲೆ ಮಾವ ಬಾತ್‌ರೂಮಿನ ಹೊಸ್ತಿಲ ಹೊರಗೆ ಬೋರಲಾಗಿ ಮಲಗಿದ್ದರು. ಬಟ್ಟೆ ಒಣಹಾಕುವ ಕೋಲಿನ ತುದಿಯಿಂದ ಟಬ್ಬಿನ ಬಿರಡೆಯ ಸರಪಳಿಯನ್ನು ಎಳೆದಿದ್ದರು. ನೀರು ಗೊಳಗೊಳ ಇಳಿಯುತ್ತಿತ್ತು. ನಡುವೆ ತೂತಿಗೆ ಹಾಗಲಬಳ್ಳಿ ಸಿಕ್ಕಿಕೊಂಡು ನೀರು ನಿಂತಿತು. ಅದನ್ನೂ ಕೋಲಿನಿಂದಲೇ ಎಳೆದರು.

ಕೆಳಗೆ ಕಬ್ಬಿಣದ ಆಸರೆ ಕೊಟ್ಟು, ಟಬ್ಬನ್ನು ಸುತ್ತಿಗೆಯಿಂದ ಒಡೆದು ಚೂರಾಗಿ ಇಳಿಸಿದರು. ಸ್ಲ್ಯಾಬ್ ರಿಪೇರಿಯಾಗಿದೆ. ಮೊನ್ನೆ ಮಾವ, "ಆ ಪಾರ್ಸೆಲ್ ಡಬ್ಬಿಯೇ ತರುವನಾ?" ಎಂದು ಮೆಲ್ಲಗೆ ಕೇಳಿದರು. ಅದು ಹಗುರ, ನನಗೆ ಗೊತ್ತು. ಆದರೆ ತುಂಬಿದ ನೀರು ಯಾವ ಟಬ್ಬಿನಲ್ಲೂ ಹಗುರವಾಗುವುದಿಲ್ಲ. ನಾನು ಬಾತ್‌ರೂಮಿನಲ್ಲಿ ಒಂದು ಸ್ಟೂಲು ತಂದಿಟ್ಟೆ. ಈಗ ಮಾವ ಅದರ ಮೇಲೆ ಕೂತು ಮಗ್ಗಿನಿಂದ ಮೊಣಕಾಲಿಗೆ ಬಿಸಿನೀರು ಹೊಯ್ದುಕೊಳ್ಳುತ್ತಾರೆ.

ಆ ನಗ್ಗಿದ ಪಾತ್ರೆಯನ್ನು ಕಾಕೂ ಈಗಲೂ ಅಲ್ಲೇ ಕೂತು ಉಜ್ಜುತ್ತಾರೆ. ಕಿಟಕಿಯಿಂದ ಕರ್, ಕರ್ ಕೇಳಿದರೆ ನಾನು ಖಾಲಿ ಬಕೆಟ್ ಹಿಡಿದು ಹೊರಗೇ ನಿಲ್ಲುತ್ತೇನೆ. ಅವರು ಉಜ್ಜಿ ಎದ್ದುಹೋಗುವವರೆಗೆ ನಲ್ಲಿ ತಿರುಗಿಸುವುದಿಲ್ಲ.