ಎಂಜಿನ್ ಇಳಿಸದ ಮೇಸ್ತ್ರಿ

ಆ ಬೀದಿಯಲ್ಲಿ ಗಾಡಿ ರಿಪೇರಿಯ ಅಂಗಡಿಗಳು ಸಾಲುಗಟ್ಟಿದ್ದರೂ ಮೇಸ್ತ್ರಿ ಎಂದರೆ ಒಬ್ಬನೇ. ಬೇರೆಯವರು ಸರಪಳಿ ಕಟ್ಟಿ, ನಾಲ್ಕು ಜನ ಬೊಬ್ಬೆ ಹೊಡೆದು, ಎಂಜಿನ್ ಇಳಿಸಿ ಮಾಡುವ ಕೆಲಸವನ್ನು ಇವನು ಗಾಡಿಯ ಕೆಳಗೆ ಅಂಗಾತ ಮಲಗಿ, ಎಂಜಿನ್ನನ್ನು ಇದ್ದಲ್ಲೇ ಇರಗೊಟ್ಟು ಮುಗಿಸುತ್ತಿದ್ದ. ಹಾಗಾಗಿ 'ಇಳಿಸದ ಮೇಸ್ತ್ರಿ' ಎಂಬ ಹೆಸರು ಅಂಟಿಕೊಂಡಿತ್ತು. ಅಂಗಡಿಯಲ್ಲಿ 'ಇಳಿಸು' ಎಂಬ ಮಾತಿಗೇ ಬಹಿಷ್ಕಾರ. ಮನೆಯಲ್ಲಿ ಹೆಂಡತಿ ಕೂಡ, "ರೀ, ಹಾಲು ಉಕ್ತಾ ಇದೆ, ಪಾತ್ರೆನ ಒಲೆ ಮೇಲಿಂದ ಆಚೆ ಕಳಿಸಿ" ಎನ್ನುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ "ನನ್ನ ಇಲ್ಲಿ ಇಳಿಸಪ್ಪ" ಎಂದು ಹೇಳಲು ನಾಲಿಗೆ ಬಾರದೆ ಮುಂದಿನ ಊರಿನವರೆಗೂ ಹೋದನಂತೆ; ಅಲ್ಲಿ ಬಸ್ಸು ಕೆಟ್ಟು ನಿಂತಾಗ ಅದರ ಕೆಳಗೆ ತೂರಿ, ಸರಿಮಾಡಿ, ಅದರಲ್ಲೇ ವಾಪಸು ಬಂದನಂತೆ. ಇದನ್ನು ಹೇಳುತ್ತಿದ್ದವನು ಅವನ ಜೊತೆಗೇ ದುಡಿಯುತ್ತಿದ್ದ ಭಾವಮೈದುನ. ಆ ಮಹಾಶಯನ ಮಾತಿನಲ್ಲಿ ಮುಕ್ಕಾಲು ಪಾಲು ಸುಳ್ಳು. ಉಳಿದ ಕಾಲು ಪಾಲನ್ನು ನಂಬಿಕೊಂಡೇ ಜನ ದೂರದಿಂದ ಗಾಡಿ ಎಳೆಸಿಕೊಂಡು ಬರುತ್ತಿದ್ದರು.

ಗುಟ್ಟೆಲ್ಲ ಇದ್ದದ್ದು ಬೆರಳಿನಲ್ಲಿ. ಸಪೂರ ಬೆರಳುಗಳು, ಎಲ್ಲಿ ಬೇಕಾದರೂ ತೂರುತ್ತಿದ್ದವು. ನಟ್ಟಿನ ಎಳೆಯನ್ನು ಸವರಿ, "ಇದನ್ನ ಕೊನೇ ಸಲ ಬಿಗಿದೋನು ಎಡಗೈಯೋನು, ಅವತ್ತು ಮನೇಲಿ ಜಗಳ ಆಡ್ಕೊಂಡು ಬಂದಿದ್ದ" ಎನ್ನುತ್ತಿದ್ದ. ಕೆಲಸ ಮಾಡುವಾಗ ಕಣ್ಣು ಮುಚ್ಚಿಕೊಳ್ಳುವುದು ಅವನ ರೂಢಿ. ಕಣ್ಣು ಬಿಟ್ಟರೆ ಬೆರಳಿಗೆ ಸೋಮಾರಿತನ ಬರುತ್ತದೆ ಎಂಬುದು ಅವನ ವಾದ. ಟಾರ್ಚ್ ಹಿಡಿದು ಕೆಲಸ ಮಾಡುವವರನ್ನು ಕಂಡರೆ, "ಏನಯ್ಯಾ, ಎಂಜಿನ್ನಿಗೆ ಹೆಣ್ಣು ನೋಡೋಕೆ ಬಂದ್ಯಾ?" ಎಂದು ಕಾಲೆಳೆಯುತ್ತಿದ್ದ.

ಅಂಥ ಬೆರಳುಗಳು ಕೆಲವು ತಿಂಗಳಿಂದ ಜೋಮು ಹಿಡಿದಿದ್ದವು. ಮೊದಮೊದಲು ಕೈ ಒದರಿದರೆ ಬಿಡುತ್ತಿತ್ತು, ಆಮೇಲೆ ಬಿಡಲಿಲ್ಲ. ಯಾರಿಗೂ ಹೇಳದೆ ಡಾಕ್ಟರ ಬಳಿ ಹೋದ. "ಆಯುಷ್ಯವೆಲ್ಲ ಕತ್ತು ಎತ್ತಿ ಎತ್ತಿ ಅಲ್ಲಿಂದ ಬೆರಳಿಗೆ ಹೋಗೋ ನರ ಒತ್ತಿಬಿಟ್ಟಿದೆ. ಇನ್ನು ಸ್ಪರ್ಶ ಮರಳೋದು ಕಷ್ಟ" ಎಂದರು ಅವರು. ಮೇಸ್ತ್ರಿ ನಕ್ಕು, "ಡಾಕ್ಟ್ರೇ, ನಿಮ್ಮ ಗಾಡಿ ಯಾವತ್ತಾದ್ರೂ ಸೋರಿದ್ರೆ ನಾನೂ ಹೀಗೇ ಹೇಳ್ತೀನಿ" ಎಂದು ಎದ್ದು ಬಂದ. ಮನೆಯಲ್ಲಿ ಸುಡುವ ಚಹಾದ ಲೋಟವನ್ನು ಹಾಗೇ ಹಿಡಿದು ಕೂತದ್ದನ್ನು ಹೆಂಡತಿ ಕಂಡು, "ಸುಡಲ್ವೇನ್ರೀ?" ಎಂದರೆ, "ಮೇಸ್ತ್ರಿ ಕೈ ಕಣೇ, ಬೆಂಕಿಗೇ ಮರ್ಯಾದೆ ಗೊತ್ತು" ಎಂದ. ಆಕೆ ನಗಲಿಲ್ಲ.

ಇಂಥ ಹೊತ್ತಿನಲ್ಲಿ ಬೇಕರಿಯಮ್ಮನ ಬ್ರೆಡ್ ಗಾಡಿ ಬಂತು. ಮುದಿ ಗಾಡಿ; ನಿಂತಲ್ಲೆಲ್ಲ ಎಣ್ಣೆಯ ಕೆರೆ ಕಟ್ಟುತ್ತಿತ್ತು. ಸೋರುತ್ತಿದ್ದದ್ದು ಎಂಜಿನ್ನಿನ ಹಿಂಬದಿಯ ಸೀಲು. ಕ್ರ್ಯಾಂಕ್ ಎಂಬ ದಪ್ಪ ದಂಡ ಎಂಜಿನ್ನಿನಿಂದ ಹೊರಗೆ ಬರುವಲ್ಲಿ ಅದನ್ನು ಅಪ್ಪಿಕೊಂಡಿರುವ ರಬ್ಬರಿನ ಬಳೆ ಅದು. ಈ ಗಾಡಿಯಲ್ಲಿ ಬಳೆ ಎರಡು ತುಂಡು. ಕೆಳಗಿನ ಅರ್ಧ, ದಂಡವನ್ನು ಅಡಿಯಿಂದ ಹಿಡಿದಿರುವ ಬೇರಿಂಗ್ ಕ್ಯಾಪ್ ಬಿಚ್ಚಿದರೆ ಕೈಗೆ ಬರುತ್ತದೆ. ಮೇಲಿನ ಅರ್ಧ ದಂಡದ ಬೆನ್ನಿನ ಮೇಲೆ, ದೇವರಿಗೂ ಕಾಣದ ಜಾಗದಲ್ಲಿ.

"ಎಲ್ರೂ ಎಂಜಿನ್ ಇಳಿ..." ಎಂದು ಶುರು ಮಾಡಿದ ಬೇಕರಿಯಮ್ಮ ತುಟಿ ಕಚ್ಚಿಕೊಂಡು, "ಎಲ್ರೂ ಆ ಮಾತೇ ಆಡ್ತಾರೆ ಮೇಸ್ತ್ರಿ. ನಿಮ್ಮ ಕೈ ಒಂದೇ ನಂಬ್ಕೊಂಡಿದ್ದೀನಿ" ಎಂದಳು.

ಮೇಸ್ತ್ರಿಗೆ ಅದೇ ಬೇಕಿತ್ತು. ಈ ಸೀಲು ಸರಿಯಾಗಿ ಕೂತರೆ ಡಾಕ್ಟರ ಮಾತು ಸುಳ್ಳು. ಕೂರದಿದ್ದರೆ ತಾನು ಯಾರು ಎಂಬುದೇ ಗೊತ್ತಿಲ್ಲ. ಹಾಗೆಂದುಕೊಂಡೇ ಬೆಳಿಗ್ಗೆ ಗಾಡಿಯ ಕೆಳಗೆ ಜಾರಿದ.

ಎಣ್ಣೆ ಬಸಿದು, ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರು ಬಿಚ್ಚಿದ, ಕ್ಯಾಪು ತೆಗೆದ. ಮಿಕ್ಕ ಕ್ಯಾಪುಗಳನ್ನು ಒಂದಿಷ್ಟು ಸಡಿಲಿಸಿ, ದಂಡ ಕೂದಲೆಳೆಯಷ್ಟು ಕೆಳಗೆ ಕೂರುವಂತೆ ಮಾಡಿದ. ಹಳೆಯ ಸೀಲಿನ ಒಂದು ತುದಿಯನ್ನು ಹಿತ್ತಾಳೆ ಕಡ್ಡಿಯಿಂದ ನೂಕಿ, ಮುಂದುಗಡೆ ಸ್ಪ್ಯಾನರ್ ಹಿಡಿದಿದ್ದ ಭಾವಮೈದುನನಿಗೆ "ತಿರುಗ್ಸು" ಎಂದ. ದಂಡ ತಿರುಗಿದಂತೆ ಮುದಿ ಸೀಲು ಇನ್ನೊಂದು ಬದಿಯಿಂದ ಇಣುಕಿತು. ಇಕ್ಕಳದಲ್ಲಿ ಎಳೆದು ಬಿಸಾಡಿದ.

"ಭಾವ, ನೀವು ಹಲ್ಲು ಕೀಳೋ ಅಂಗಡಿ ಇಟ್ಟಿದ್ರೆ ಊರಿಗೂರೇ ಬೊಚ್ಚುಬಾಯಿ ಆಗಿರೋದು" ಎಂದ ಭಾವಮೈದುನ, ನೋಡಲೆಂದು ಪಕ್ಕದಲ್ಲೇ ಬಂದು ಕುಕ್ಕರುಗಾಲಲ್ಲಿ ಕೂತ.

ಇನ್ನು ಹೊಸದರ ಸರದಿ. ಈ ಸೀಲಿಗೊಂದು ತುಟಿ ಇರುತ್ತದೆ. ಅದು ಎಂಜಿನ್ನಿನ ಒಳಮುಖವಾಗಿ ಕೂತರೆ ಎಣ್ಣೆಗೆ ತಡೆ. ಹೊರಮುಖವಾದರೆ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತು ಬೀಳ್ಕೊಟ್ಟಂತೆ. ಮೇಸ್ತ್ರಿ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತುಟಿ ಹುಡುಕಿದ. ಈ ಬದಿ ಸವರಿದ. ಆ ಬದಿ ಸವರಿದ. ಎರಡೂ ಒಂದೇ. ಬೆರಳಿಗೆ ಯಾರೋ ಕಂಬಳಿ ಹೊದಿಸಿದಂತೆ. ಕಣ್ಣು ಬಿಟ್ಟು ನೋಡಿದ್ದರೆ ಮುಗಿಯುತ್ತಿತ್ತು. ಎಂಥ ಕುರುಡನಿಗೂ ಕಾಣುವ ತುಟಿ. ಆದರೆ ಭಾವಮೈದುನ ಮುಖದ ಹತ್ತಿರವೇ ಕೂತಿದ್ದಾನೆ. ಕಣ್ಣು ಬಿಟ್ಟರೆ ಅವನು ಕೇಳುತ್ತಾನೆ. ಕೇಳಿದರೆ ಹೇಳಬೇಕಾಗುತ್ತದೆ.

ಮೇಸ್ತ್ರಿ ಕಣ್ಣು ಬಿಡಲಿಲ್ಲ. ತೋಚಿದಂತೆ ಸೀಲಿನ ತುದಿ ತೂರಿಸಿ, ಭಾವಮೈದುನನನ್ನು ಮುಂದುಗಡೆಗೆ ಕಳಿಸಿ, "ತಿರುಗ್ಸು" ಎಂದ.

ಎಲ್ಲ ಜೋಡಿಸಿ, ಎಣ್ಣೆ ತುಂಬಿ, ಎಂಜಿನ್ ಚಾಲೂ ಮಾಡಿದರು. ಕೆಳಗೆ ಹಾಸಿದ ಕಾಗದ ಬಿಳಿಯಾಗಿಯೇ ಇತ್ತು. ಬೇಕರಿಯಮ್ಮ ಕೈಮುಗಿದಳು. ಎಂಜಿನ್ ಬಿಸಿಯೇರಿತು. ಒಂದು ಹನಿ ಬಿತ್ತು, ಅದರ ಬೆನ್ನಿಗೆ ಇನ್ನೊಂದು. ಹಳೆಯ ಸೀಲು ಮುಸಿಮುಸಿ ಅಳುತ್ತಿದ್ದರೆ ಹೊಸದು ಎದೆ ಬಡಿದುಕೊಂಡು ಅಳತೊಡಗಿತು.

ಮಧ್ಯಾಹ್ನ ಮತ್ತೆ ಬಿಚ್ಚಿದರು. ಹೊರಬಂದ ಸೀಲನ್ನು ಬೆಳಕಿಗೆ ಹಿಡಿದ ಭಾವಮೈದುನನಿಗೆ ಅದು ಯಾವ ಕಡೆ ಮುಖ ಮಾಡಿತ್ತೆಂದು ಗೊತ್ತಾಯಿತು. ಬೇರೊಂದು ಸೀಲು ತಂದು ಕೊಟ್ಟ. ತಾನೇ ಹಾಕೋಣವೆಂದರೆ ತನ್ನ ಬಾಳೆಗೊನೆಯಂಥ ಕೈ ಅಲ್ಲಿಗೆ ತೂರುವಂತಿರಲಿಲ್ಲ. ಈ ಸಲ ಮೇಸ್ತ್ರಿ ಕಣ್ಣು ಬಿಟ್ಟೇ ಹಿಡಿದ, ದಿಕ್ಕು ಸರಿಯಾಯಿತು. ಆದರೆ ಒಳಗೆ ತೂರಿಸುವಾಗ ಕಬ್ಬಿಣದ ಅಂಚು ಸೀಲಿನ ಬೆನ್ನನ್ನು ಕೊಯ್ಯುತ್ತಿದ್ದದ್ದು ಬೆರಳಿಗೆ ತಿಳಿಯಲೇ ಇಲ್ಲ. ಉದ್ದನೆಯ ರಬ್ಬರ್ ಸಿಪ್ಪೆ ಸುರುಳಿಯಾಗಿ ಅವನ ಎದೆಯ ಮೇಲೆ ಬಿತ್ತು.

"ಭಾವ, ತಡೀರಿ, ಕೊಯ್ತಾ ಇದೆ!"

"ಗೊತ್ತಾಗ್ಲಿಲ್ಲ ಕಣೋ."

"ಅಷ್ಟು ಹರಿತ ಇದ್ರೂ?"

"ಗೊತ್ತಾಗಲ್ಲ ಕಣೋ. ಏನೂ ಗೊತ್ತಾಗಲ್ಲ."

ಭಾವಮೈದುನ ಎದ್ದು ಬೇಕರಿಯಮ್ಮನ ಬಳಿ ಹೋಗಿ, "ಅಮ್ಮಾ, ಈಗ ಬರೋ ಸೀಲೇ ಸರಿಯಿಲ್ಲ. ಮೊನ್ನೆ ಇಂಥದೇ ಒಂದು ಡಬ್ಬಿಯೊಳಗೇ ಕರಗಿ ಹೋಗಿತ್ತು" ಎಂದು ಶುರುಮಾಡಿದ. ಜೀವಮಾನದಲ್ಲಿ ಅವನು ಹೇಳಿದ ಸುಳ್ಳುಗಳಲ್ಲೆಲ್ಲ ಅತಿ ಕಳಪೆಯದು ಅದೇ.

ಮೇಸ್ತ್ರಿ ಗಾಡಿಯ ಕೆಳಗಿಂದಲೇ ಹೇಳಿದ: "ಸೀಲು ಚೆನ್ನಾಗೇ ಇದೆ ತಾಯಿ. ಲೋ ಭಾಮೈದ, ಎಂಜಿನ್ ಇಳಿಸೋ."

ಬೇಕರಿಯಮ್ಮ ಅಪಶಕುನ ಕೇಳಿದವಳಂತೆ ಸೆರಗು ಬಾಯಿಗೆ ಒತ್ತಿಕೊಂಡಳು.

ಮರುದಿನ ಸರಪಳಿ ಬಂತು. ತೂಗಾಡುತ್ತಿದ್ದ ಎಂಜಿನ್ ನೆಲಕ್ಕೆ ಬಂದು ಕೂತಿತು. ಸೀಲಿನ ಜಾಗ ಈಗ ಹಗಲು ಬೆಳಕಿನಲ್ಲಿ ಬಟಾಬಯಲು. ಭಾವಮೈದುನ ತಾನೇ ಹಾಕಿದ, ಚೆನ್ನಾಗಿಯೇ ಹಾಕಿದ. ನಡುವೆ ಮೇಸ್ತ್ರಿ ಎತ್ತಿಕೊಡಹೋದ ಬೋಲ್ಟು ಎರಡು ಸಲ ಮೇಸ್ತ್ರಿಯ ಕೈಯಿಂದಲೇ ಜಾರಿ ಉರುಳಿತು.

"ಭಾವ, ನೀವು ಸ್ವಲ್ಪ ಆ ಕಡೆ ಕೂತ್ಕೊಳ್ಳಿ" ಎಂದ ಭಾವಮೈದುನ, ತುಂಬ ಮೆತ್ತಗೆ. ಬೈದಿದ್ದರೆ ಸಹಿಸಬಹುದಿತ್ತು.

ಊಟದ ಡಬ್ಬಿ ತಂದ ಹೆಂಡತಿ ಅವನು ಟೈರಿನ ಮೇಲೆ ಸುಮ್ಮನೆ ಕೂತದ್ದನ್ನು ಕಂಡಳು. ಅಂಗಡಿಯತ್ತ ನೋಡಿದಳು, ತಮ್ಮನತ್ತ ನೋಡಿದಳು. ಪಕ್ಕದಲ್ಲಿ ಕೂತು ಗಂಡನ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅವಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅದನ್ನು ನೋಡಿ, ಗಟ್ಟಿಯಾಗಿ ಹಿಡಿದಿರಬೇಕು ಎಂದು ಮೇಸ್ತ್ರಿ ಅಂದಾಜು ಮಾಡಿಕೊಂಡ.