ತಪಾಸಣೆಯ ದಿನದ ಎರಡು ಮಾತ್ರೆ

ಡಾಕ್ಟರ ಬಳಿ ಹೋಗಬೇಕಾದ ದಿನ ಮೇಸ್ತ್ರಿ ಎದ್ದ ಕೂಡಲೇ ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದರು. ಕಪಾಟಿನ ಮೇಲಿದ್ದ ಹಳೆಯ ಗ್ರೀಸ್ ಡಬ್ಬಿ ಇಳಿಸಿ, ಅದರಿಂದ ಒಂದು ಮಾತ್ರೆ ಹೆಕ್ಕಿ ನುಂಗಿ, ಮತ್ತೆ ಚಿಲಕ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಗಳು ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಆ ದಿನದ ರಕ್ತದೊತ್ತಡದ ಮಾತ್ರೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಅದನ್ನೂ ನುಂಗುತ್ತಿದ್ದರು.

ಉಳಿದ ದಿನಗಳಲ್ಲಿ ಒಂದನ್ನೂ ನುಂಗುತ್ತಿರಲಿಲ್ಲ. ಮಗಳು ಕೊಟ್ಟದ್ದನ್ನು ದವಡೆಯ ಸಂದಿಗೆ ಒತ್ತಿಟ್ಟುಕೊಂಡು ಟೀ ಕುಡಿದಂತೆ ಮಾಡಿ, ಅವಳು ಕೆಳಗಿಳಿದ ಮೇಲೆ ಉಗಿದು, ಒರೆಸಿ, ಡಬ್ಬಿಗೆ ಹಾಕುತ್ತಿದ್ದರು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅವರು ಆಯುಷ್ಯದ ಬಹುಪಾಲು ಬಾಯ್ಲರ್ ನೋಡಿಕೊಂಡವರು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬರುತ್ತಿದ್ದ. ಅವನು ಬರುವ ಮುಂಚಿನ ದಿನ ಬೆಂಕಿ ತಗ್ಗಿಸಿ, ಸೋರುವ ವಾಲ್ವಿಗೆ ಹಗ್ಗ ಬಿಗಿದು ಬಣ್ಣ ಬಳಿದು, ಹಿತ್ತಾಳೆಯನ್ನೆಲ್ಲ ತಿಕ್ಕಿ, ಒತ್ತಡದ ಮುಳ್ಳು ಅಲುಗಾಡದಂತೆ ನಿಲ್ಲಿಸುವುದು ಅಲ್ಲಿಯ ಪದ್ಧತಿ. ಕೆಲಸ ಕಲಿಸಿದ ಹಿರಿಯ ಒಂದೇ ಪಾಠ ಹೇಳಿದ್ದ: "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಒಂದು ಮಾತು ಜಾಸ್ತಿ ಆಡಿದ್ಯೋ, ಬೆಂಕಿ ಆರಿಸಿ ಸೀಲ್ ಹಾಕ್ಬಿಟ್ಟು ಹೋಗ್ತಾನೆ." ಬಾಯ್ಲರಿಗೆ ಸೀಲ್ ಬಿದ್ದರೆ ಇಡೀ ಕಾರ್ಖಾನೆ ಮನೆಗೆ. ಮೇಸ್ತ್ರಿಯ ಕಾಲದಲ್ಲಿ ಒಮ್ಮೆಯೂ ಸೀಲ್ ಬೀಳಲಿಲ್ಲ.

ಈಗ ಸೀಲ್ ಬೀಳುವ ಭಯ ಇದ್ದದ್ದು ಮಹಡಿಯ ಕೋಣೆಗೆ. ಹೆಂಡತಿ ಹೋದ ಮೇಲೆ ಮಗಳ ಮನೆಗೆ ಬಂದಾಗ ಅವರು ಕೇಳಿ ಪಡೆದದ್ದು ಅದೊಂದನ್ನೇ. ಒಂದು ಕಿಟಕಿ, ಒಂದು ಮಂಚ, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ. ಮಗಳಿಗೆ ಅವರನ್ನು ಕೆಳಗೆ ಹಾಲ್‌ನಲ್ಲಿ, ಟಿವಿಗೂ ಫ್ರಿಜ್ಜಿಗೂ ನಡುವೆ ಮಲಗಿಸುವ ಹಟ.

"ಮೇಲೆ ಸತ್ತು ಬಿದ್ದಿದ್ರೂ ನಂಗೆ ಗೊತ್ತಾಗಲ್ಲ," ಎನ್ನುತ್ತಿದ್ದಳು.

"ನಿನಗೆ ಗೊತ್ತಾಗ್ಲಿ ಅಂತ ಫ್ರಿಜ್ ಪಕ್ಕ ಸಾಯ್ಬೇಕಾ? ಒಳಗೇ ಇಟ್ಬಿಡು, ಕೆಡಲ್ಲ."

ಮಾತ್ರೆ ಶುರುವಾದ ಹೊಸದರಲ್ಲಿ ಮೆಟ್ಟಿಲ ಮೇಲೆ ಅವರಿಗೆ ಕಣ್ಣು ಕತ್ತಲೆ ಬಂದಿತ್ತು. ಕೈಕಂಬಿ ಸಿಕ್ಕಿದ್ದರಿಂದ ಬಚಾವಾದರು. ಮೊಣಕೈ ತರಚಿದ್ದನ್ನು ತುಂಬುತೋಳಿನ ಅಂಗಿಯೊಳಗೆ ಮುಚ್ಚಿಟ್ಟರು. ಹೇಳಿದರೆ ಮಂಚ ಕೆಳಗಿಳಿಯುತ್ತದೆ. ಹೇಳಲಿಲ್ಲ, ಮಾತ್ರೆ ನಿಲ್ಲಿಸಿದರು. ತಲೆಸುತ್ತು ನಿಂತಿತು. ಬದಲಿಗೆ ಹಿಂದಲೆಯಲ್ಲಿ ಒಂದು ನೋವು ಬಂದು ಕೂತಿತು. ಅದನ್ನೂ ಹೇಳಲಿಲ್ಲ.

ಹೀಗೆ ತಪಾಸಣೆಗೆ ಹೋದ ಒಂದು ದಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ನಾಲ್ಕಾರು ಜನ ಕಾಯುತ್ತಿದ್ದರು. ಸಾಲು ಕುರ್ಚಿಯಲ್ಲಿ ತಂದೆ ಒಂದು ತುದಿ, ಮಗಳು ಇನ್ನೊಂದು ತುದಿ. ನಡುವಿನ ಖಾಲಿ ಕುರ್ಚಿಗಳ ಮೇಲೆ ಅವಳ ಚೀಲ, ಕೊಡೆ. ಒಳಗೆ ಕರೆದಾಗ ಅವಳೇ ಮುಂದೆ ಹೋಗಿ ಡಾಕ್ಟರ ಎದುರಿನ ಕುರ್ಚಿ ಹಿಡಿದಳು. ಮೇಸ್ತ್ರಿಗೆ ಪಕ್ಕದ ಸ್ಟೂಲ್ ಉಳಿಯಿತು.

"ಹೇಗಿದ್ದೀರಾ ಯಜಮಾನ್ರೇ?" ಡಾಕ್ಟರಮ್ಮ ತಲೆ ಎತ್ತದೆ ಕೇಳಿದರು.

"ಚೆನ್ನಾಗಿದಾರೆ ಡಾಕ್ಟ್ರೇ. ಕೋಪ ಒಂದು ಜಾಸ್ತಿ," ಎಂದಳು ಮಗಳು.

"ಮಾತ್ರೆ?"

"ದಿನಾ ನಾನೇ ಕೈಯಾರೆ ಕೊಡ್ತೀನಿ. ನನ್ನೆದುರೇ ನುಂಗ್ತಾರೆ."

"ತಲೆಸುತ್ತು ಗಿಲೆಸುತ್ತು?"

"ಏನೂ ಇಲ್ಲ. ಇದ್ದಿದ್ರೆ ಮನೆಯೆಲ್ಲ ಒಂದು ಮಾಡ್ತಿದ್ರು."

ಮೇಸ್ತ್ರಿ ಅಂಗಿಯ ತೋಳು ಮಡಚತೊಡಗಿದರು. ಮಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ತಮ್ಮ ಪರವಾಗಿ ಸುಳ್ಳು ಹೇಳುವ ಕೆಲಸವನ್ನು ಅವಳೇ, ಸುಳ್ಳೆಂದು ತಿಳಿಯದೆ, ಪುಕ್ಕಟೆ ಮಾಡಿಕೊಡುತ್ತಿದ್ದಳು. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಮೇಸ್ತ್ರಿಯ ಕಣ್ಣು ಗಡಿಯಾರದಂಥ ಆ ಬಿಲ್ಲೆಯ ಮುಳ್ಳಿನ ಮೇಲಿತ್ತು. ಮುಳ್ಳು ವಿಧೇಯವಾಗಿ ಕೆಳಕ್ಕೆ ಇಳಿಯಿತು.

"ಒಳ್ಳೇದು. ಸ್ವಲ್ಪ ಕಡಿಮೆನೇ ಇದೆ. ತೂಕ ನೋಡೋಣ, ಏಳಿ."

ಮೇಸ್ತ್ರಿ ಎದ್ದರು. ತೂಕದ ಯಂತ್ರ ಎರಡಾಗಿ ಕಂಡಿತು, ಆಮೇಲೆ ಕಾಣಲಿಲ್ಲ. ಸ್ಟೂಲ್ ಉರುಳಿದ ಸದ್ದು ಹೊರಗಿನವರಿಗೂ ಕೇಳಿಸಿತು.

ಎಚ್ಚರವಾದಾಗ ಪರೀಕ್ಷೆ ಮಾಡುವ ಮಂಚದ ಮೇಲಿದ್ದರು. ಮಗಳ ದನಿ ಮೊದಲು ಕಿವಿಗೆ ಬಿತ್ತು. "ನೋಡಿ ಡಾಕ್ಟ್ರೇ, ನೀವೇ ಹೇಳಿ ಇವ್ರಿಗೆ. ಇನ್ಮೇಲೆ ಮಹಡಿ ಬೇಡ ಅಂತ."

"ಯಜಮಾನ್ರೇ, ಬೆಳಿಗ್ಗೆ ಎಷ್ಟು ಮಾತ್ರೆ ತೊಗೊಂಡ್ರಿ?"

"ಒಂದು," ಎಂದಳು ಮಗಳು.

"ನಿಮ್ಮನ್ನ ಕೇಳ್ಲಿಲ್ಲಮ್ಮ."

ಮೇಸ್ತ್ರಿಗೆ ಬೇರೆ ದಾರಿ ಇರಲಿಲ್ಲ. ಇನ್‌ಸ್ಪೆಕ್ಟರ್ ಕೇಳಿಯೇಬಿಟ್ಟಿದ್ದ. "ಎರಡು," ಎಂದರು. "ಇಲ್ಲಿಗೆ ಬರೋ ದಿನ ಎರಡು. ಬೇರೆ ದಿನ ಸೊನ್ನೆ." ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಮೆಟ್ಟಿಲು, ಮೊಣಕೈ, ಡಬ್ಬಿ, ಹಿಂದಲೆಯ ನೋವು, ಎಲ್ಲ ಬಂತು. ತಪ್ಪೊಪ್ಪಿಗೆಯ ದನಿಯಲ್ಲಲ್ಲ, ಬೈಗುಳದ ದನಿಯಲ್ಲಿ.

ಮಗಳ ಮುಖ ಕೆಂಪೇರಿತು. "ದಿನಾ ನನ್ನ ಕಣ್ಣಿಗೆ ಮಣ್ಣೆರಚಿದ್ಯಾ ಅಪ್ಪ? ಅಷ್ಟೊಂದು ಮೆಟ್ಲು ಹತ್ತಿ ಬಂದು ಕೊಡ್ತಿದ್ನಲ್ಲ, ನನಗೇನು ಬೇರೆ ಕೆಲಸ ಇಲ್ವಾ?"

"ಹತ್ತು ಅಂತ ಹೇಳಿದ್ಯಾರು?"

"ಇಬ್ರೂ ಸುಮ್ನಿರಿ," ಎಂದರು ಡಾಕ್ಟರಮ್ಮ. ಅವರ ದನಿಯಲ್ಲೂ ಮರುಕವೇನಿರಲಿಲ್ಲ. "ಈ ಮಾತ್ರೆ ಕೆಲವರಿಗೆ ಆಗಲ್ಲ. ಎದ್ದಾಗ ತಲೆ ಸುತ್ತುತ್ತೆ. ಮೊದಲನೇ ಸಲವೇ ಹೇಳಿದ್ರೆ ಅವತ್ತೇ ಬೇರೆ ಬರ್ಕೊಡ್ತಿದ್ದೆ. ಇಷ್ಟು ದಿನ ಮಾತ್ರೆನೇ ಇಲ್ಲದೆ ಓಡಾಡಿದ್ದೀರಲ್ಲ, ಮೆದುಳಲ್ಲಿ ರಕ್ತನಾಳ ಒಡೆದಿದ್ರೆ?"

ಮೇಸ್ತ್ರಿ ಚಾವಣಿ ನೋಡಿದರು. ಬೇರೆ ಮಾತ್ರೆ ಎಂಬುದೊಂದು ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಇನ್‌ಸ್ಪೆಕ್ಟರ್ ಆದವನಿಗೆ ಗೊತ್ತಿದ್ದದ್ದು ಸೀಲ್ ಹಾಕುವುದು ಮಾತ್ರ. ರಿಪೇರಿ ಮಾಡಿಕೊಟ್ಟವನನ್ನು ಅವರು ಕಂಡವರಲ್ಲ.

"ನೀವು ನನ್ನ ಕೇಳ್ಲಿಲ್ಲ," ಎಂದರು ಕೊನೆಗೆ.

"ಕೇಳ್ದೆ. ನಿಮ್ಮ ಮಗಳು ಉತ್ತರ ಕೊಟ್ರು."

"ಕೊಟ್ಟಿದ್ದನ್ನ ನೀವು ಬರ್ಕೊಂಡ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹೊರಗೆ ಜನ ಕಾಯುತ್ತಿದ್ದರು, ಮತ್ತೆ ಎತ್ತಿಕೊಂಡರು. ಹೊಸ ಮಾತ್ರೆ ಬರೆದರು. ಎರಡು ವಾರ ಮೆಟ್ಟಿಲು ಹತ್ತಕೂಡದು, ಆಮೇಲೆ ಕೂತಾಗಲೂ ನಿಂತಾಗಲೂ ಒತ್ತಡ ನೋಡಿ ಮಹಡಿಯ ವಿಷಯ ತೀರ್ಮಾನಿಸೋಣ ಎಂದರು. ಮಗಳತ್ತ ತಿರುಗಿ, "ಮುಂದಿನ ಸಲ ನೀವು ಹೊರಗೆ ಕೂತಿರಿ. ಅವರು ಹೇಳಿ ಮುಗಿಸಿದ ಮೇಲೆ ನಿಮ್ಮನ್ನ ಕರೀತೀನಿ," ಎಂದರು.

"ನಾನ್ಯಾಕೆ ಹೊರಗೆ? ಮಾಡೋದೆಲ್ಲ ನಾನು."

"ಅದಕ್ಕೇ."

ಸಂಜೆ ಪಕ್ಕದ ಮನೆಯವನ ನೆರವಿನಿಂದ ಮಂಚ ಕೆಳಗಿಳಿಯಿತು. ಗ್ರೀಸ್ ಡಬ್ಬಿಯನ್ನು ಮಗಳು ತಾನೇ ಹುಡುಕಿ ತೆಗೆದು, ಮುಚ್ಚಳ ತೆರೆದು ಒಳಗೆ ಸ್ವಲ್ಪ ಹೊತ್ತು ನೋಡಿ, ಅವರ ಮುಂದೆಯೇ ಕಸದ ಬುಟ್ಟಿಗೆ ಸುರಿದಳು. ಮಹಡಿಯ ಕೋಣೆಗೆ ಬೀಗ ಹಾಕಿ ಕೀಲಿಯನ್ನು ತನ್ನ ಚೀಲಕ್ಕೆ ಸೇರಿಸಿದಳು.

ಈಗ ಮೇಸ್ತ್ರಿ ಟಿವಿಗೂ ಫ್ರಿಜ್ಜಿಗೂ ನಡುವೆ ಮಲಗುತ್ತಾರೆ. ಮಾತ್ರೆ ನುಂಗಿದ ಮೇಲೆ ಮಗಳು ಬಾಯಿ ತೆರೆಸಿ ನೋಡುತ್ತಾಳೆ. ಅವರು ಅವಳಿಗೆ ಬೇಕಾದ್ದಕ್ಕಿಂತ ಅಗಲವಾಗಿ ತೆರೆಯುತ್ತಾರೆ. ತಲೆಸುತ್ತು ಬಂದಿಲ್ಲ. ಬರುವ ಗುರುವಾರ ಎರಡು ವಾರ ತುಂಬುತ್ತದೆ. ಅಂದು ಅವರು ಡಾಕ್ಟರ ಕೋಣೆಗೆ ಒಬ್ಬರೇ ಹೋಗುತ್ತಾರೆ. ಮಗಳು ಕೀಲಿ ಇರುವ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ಕೂರುತ್ತಾಳೆ.