ಮಲಗಿದ ಹುಲಿಯನ್ನು ಎಬ್ಬಿಸುವವರಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೈದಾನದ ಮೂಲೆಯಲ್ಲಿ, ನಲ್ಲಿಯ ಪಕ್ಕ, ಹಿರಿಯರೊಬ್ಬರು ಗೋಣಿಚೀಲದಿಂದ ಪುಟ್ಟ ಫುಟ್‌ಬಾಲ್‌ಗಳನ್ನು ಒಂದೊಂದಾಗಿ ತೆಗೆದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾರೆ. ಗಟ್ಟಿ ಅನ್ನಿಸಿದ್ದಕ್ಕೆ ಸೂಜಿ ಹಾಕಿ ಸ್ವಲ್ಪ ಗಾಳಿ ಬಿಡುತ್ತಾರೆ. ಎಳೆಯ ಪಾದಕ್ಕೆ ಗಟ್ಟಿ ಚೆಂಡು ನೋಯುತ್ತದೆ. ಮೆತ್ತಗಿದ್ದರೆ ಹೇಳಿದ ಮಾತು ಕೇಳುತ್ತದೆ. ಆಮೇಲೆ ನಾಲ್ಕು ಮೂಲೆಗೆ ನಾಲ್ಕು ಹಳೆಯ ಚಪ್ಪಲಿ ಇಟ್ಟು ಚೌಕ ಮಾಡುತ್ತಾರೆ. ಅದು ಕಾಡು. ಅವರೇ ಹುಲಿ. ಕಾಡಿಗೆ ಬರಬೇಕಾದ ಮಕ್ಕಳು ಮಾತ್ರ ಬಂದಿಲ್ಲ.

ಸುತ್ತಲಿನ ಬೀದಿಗಳಿಗೆಲ್ಲ ಅವರು ಹುಲಿತಾತ. ಒಂದು ಕಾಲಕ್ಕೆ ಕಾರ್ಖಾನೆಯ ತಂಡದ ಗೋಲ್‌ಕೀಪರ್. ಕಾರ್ಖಾನೆ ಬಾಗಿಲು ಹಾಕಿತು, ಅದರ ಬೆನ್ನಿಗೇ ಮಂಡಿಯೂ ಕೈಕೊಟ್ಟಿತು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಕೆಲಸ ಸಿಕ್ಕಿತು. ವಾಯುವಿಹಾರಕ್ಕೆ ಬಂದ ತಾಯಿಯೊಬ್ಬಳ ಮಗು ರಚ್ಚೆ ಹಿಡಿದು ಅಳುತ್ತಿದ್ದಾಗ, ಸುಮ್ಮನಾಗಲಿ ಎಂದು ಅದರ ಕಾಲಿಗೊಂದು ಚೆಂಡು ತಳ್ಳಿದರು. ಮರುದಿನ ಆ ಮಗು ಇನ್ನಿಬ್ಬರನ್ನು ಕರೆತಂದಿತು. ಹೀಗೆ ಕೆಲಸವೊಂದು ತಾನಾಗಿ ಕೊರಳಿಗೆ ಬಿತ್ತು.

ಅವರ ಪಾಠದಲ್ಲಿ ಸಾಲಾಗಿ ನಿಲ್ಲಬೇಕಿಲ್ಲ, ಗೋಲಿನ ಲೆಕ್ಕವಿಲ್ಲ. ‘ಕೆಂಪು ದೀಪ’ ಎಂದರೆ ಪಾದ ಚೆಂಡಿನ ಮೇಲೆ, ‘ಹಸಿರು’ ಎಂದರೆ ಓಟ. ಇನ್ನೊಂದು ಆಟದಲ್ಲಿ ತಮ್ಮ ಮನೆಯ ಕಸವನ್ನೆಲ್ಲ, ಅಂದರೆ ಚೆಂಡುಗಳನ್ನೆಲ್ಲ, ಒದ್ದು ಪಕ್ಕದ ಮನೆಗೆ ಸಾಗಿಸಬೇಕು. “ಮನೇಲಿ ಕುಡಿದ ಲೋಟ ಎತ್ತಿಡಲ್ಲ, ಅಲ್ಲಿ ಹೋಗಿ ಮಕ್ಕಳಿಗೆ ಮನೆ ಕ್ಲೀನ್ ಮಾಡೋ ಆಟ ಹೇಳ್ಕೊಡ್ತಾರೆ” ಎಂದು ಅವರ ಹೆಂಡತಿ ಛೇಡಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ಆಟ ಹುಲಿಯದು. ತಾತ ಕಾಡಿನ ನಡುವೆ ಕಣ್ಣುಮುಚ್ಚಿ ಮಲಗುತ್ತಾರೆ. ಮಕ್ಕಳು ಚೆಂಡನ್ನು ಸದ್ದಿಲ್ಲದೆ ತಳ್ಳುತ್ತಾ ಸುತ್ತ ಸುಳಿದಾಡಬೇಕು. ಟಪ್ ಎಂದರೆ ಹುಲಿ ಗುಡುಗಿ ಎದ್ದು ಬೆನ್ನಟ್ಟುತ್ತದೆ, ಯಾರನ್ನೂ ಹಿಡಿಯುವುದಿಲ್ಲ. “ಮೆತ್ತಗೆ ಮುಟ್ಟು ಅಂತ ನೂರು ಸಲ ಹೇಳಿದ್ರೂ ಕೇಳಲ್ಲ. ಹುಲಿ ಮಲಗಿದೆ ಅಂದ್ರೆ ಸಾಕು” ಎನ್ನುತ್ತಾರೆ.

ಈಗ ಮೈದಾನದ ಆ ತುದಿಗೆ ಹೊಸ ಕ್ಲಬ್ ಬಂದಿದೆ. ಅಲ್ಲಿ ಸೀಟಿಯಿದೆ, ಹೆಸರು ಬರೆದ ಜೆರ್ಸಿಯಿದೆ, ತಿಂಗಳಿಗೊಂದು ಕಪ್ ಇದೆ. ಬೂಟಿನ ದಾರ ಕಟ್ಟಿಕೊಳ್ಳಲು ಬಾರದ ಮಗುವಿಗೆ ಕಪ್ ಇಡುವ ಕಪಾಟು ಸಿದ್ಧವಾಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ. ಮಕ್ಕಳಿಲ್ಲದ ಮೂಲೆ ನಿಮಗೇಕೆ ಎಂದು ಮೈದಾನದ ಸಮಿತಿ ಕೇಳಿದೆ. ಇವತ್ತು ನಾಲ್ಕು ಮಕ್ಕಳಾದರೂ ಬರದಿದ್ದರೆ ನಾಳೆಯಿಂದ ಈ ಮೂಲೆಯೂ ಕ್ಲಬ್ಬಿನದೇ.

ಮಕ್ಕಳು ಹೋದದ್ದು ಹೇಗೆಂಬುದನ್ನು ತಾತ ಹೇಳುವುದಿಲ್ಲ. ಹೆಂಡತಿ ಹೇಳುತ್ತಾರೆ: “ಅವತ್ತು ಬೆಳಿಗ್ಗೆ ಬುತ್ತಿ ಕೊಡೋಕೆ ಹೋಗಿದ್ದೆ. ಇವರು ಹುಲಿಯಾಗಿ ಮಲಗಿದ್ರು, ಮುಖದಲ್ಲಿ ನಗು. ಸುತ್ತ ಒಂದು ನರಪಿಳ್ಳೆ ಇಲ್ಲ. ಎದುರಿಗೆ ಹೇಳೋಕೆ ಅಪ್ಪ ಅಮ್ಮಂದಿರಿಗೆ ಮುಖ ಇರ್ಲಿಲ್ಲ. ಗೇಟಿಂದಲೇ ಕೈಸನ್ನೆ ಮಾಡಿ ಕರ್ಕೊಂಡು ಹೋಗಿದ್ರು. ಎಷ್ಟು ಹೊತ್ತಿಂದ ಹಾಗೇ ಮಲಗಿದ್ರೋ. ನಾನೇ ಹೋಗಿ ಎಬ್ಬಿಸ್ದೆ.” ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಬಿಸಿಲು ಏರುತ್ತಿದೆ. ಕೊನೆಗೂ ಒಂದು ಮಗು ಬರುತ್ತದೆ. ಅವತ್ತು ಬಂದಿರದ, ಸದಾ ಮೂಗು ಸುರಿಯುವ ಹುಡುಗಿ, ತಾತನ ಬಾಯಲ್ಲಿ ‘ಸಿಂಬಳದ ರಾಣಿ’. ಜೊತೆಗಿರುವ ತಾಯಿ ನೆಲ ನೋಡುತ್ತಾ ಹೇಳುತ್ತಾಳೆ: “ತಾತ, ನಾಳೆಯಿಂದ ಇವಳನ್ನೂ ಆ ಕಡೆ ಹಾಕ್ತಿದ್ದೀವಿ. ಹೇಳದೆ ಹೋಗೋದು ಬೇಡ ಅನ್ನಿಸ್ತು.”

“ಒಳ್ಳೇದಾಗ್ಲಿ ತಾಯಿ. ಒಂದೇ ಒಂದು ಆಟ ಆಡಿಸ್ಲಾ?”

ತಾತ ಮಂಡಿ ಹಿಡಿದುಕೊಂಡು ಮಲಗುತ್ತಾರೆ. ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಒಂದನ್ನು ಚೂರು ತೆರೆದೇ ಇಟ್ಟಿದ್ದಾರೆ. ಹುಡುಗಿ ನಾಲಿಗೆ ಕಚ್ಚಿಕೊಂಡು ಚೆಂಡನ್ನು ಕಾಲ್ಬೆರಳ ತುದಿಯಿಂದ ತಳ್ಳುತ್ತಾ ಕಾಡು ದಾಟುತ್ತಾಳೆ. ಗೆದ್ದೆ ಎಂದು ಕುಣಿದು, ತಾಯಿಯ ಕೈಹಿಡಿದು ಹೊರಟು ಹೋಗುತ್ತಾಳೆ. ಇನ್ನು ಯಾರೂ ಬರುವುದಿಲ್ಲ. ಅದು ತಾತನಿಗೂ ಗೊತ್ತು.

ಚಪ್ಪಲಿಗಳನ್ನು ಚೀಲಕ್ಕೆ ತುಂಬುತ್ತಿರುವ ಅವರಿಗೆ ಏನಾದರೂ ಆಸೆ ಉಳಿದಿದೆಯೇ? “ಆ ಕ್ಲಬ್ ಮೇಷ್ಟ್ರಿಗೆ ಯಾರಾದ್ರೂ ಹೇಳಿ, ಚಿಕ್ಕವರ ಚೆಂಡಿಗೆ ಗಾಳಿ ಸ್ವಲ್ಪ ಕಮ್ಮಿ ಮಾಡ್ಲಿ. ಪಾದ ನೋಯುತ್ತೆ. ಇನ್ನೇನಿಲ್ಲ.”

ಚೀಲ ಹೆಗಲಿಗೇರಿಸಿ ಗೇಟಿನ ತನಕ ಬಂದವರು ಅಲ್ಲಿ ನಿಲ್ಲುತ್ತಾರೆ. ಮಕ್ಕಳು ಹೋದ ದಿನದ ಮಾತು ಆಗ ಹೊರಬರುತ್ತದೆ.

“ಅವತ್ತು ಚೆಂಡೆಲ್ಲ ಇಲ್ಲೇ ಇತ್ತು, ಸಾಲಾಗಿ. ಕೈಲಿ ಎತ್ಕೊಂಡು ಬಂದಿರ್ಲಿಲ್ಲ ಮಕ್ಕಳು. ಹುಲ್ಲಿನ ಇಬ್ಬನಿ ಮೇಲೆ ಗೆರೆ ಕಾಣ್ತಿತ್ತು. ಕಾಲಲ್ಲೇ ತಳ್ಕೊಂಡು ಬಂದು ನಿಲ್ಸಿದ್ವು. ಅಷ್ಟು ಮಕ್ಕಳು, ಅಷ್ಟು ದೂರ. ಒಂದು ಚೆಂಡೂ ಸದ್ದು ಮಾಡ್ಲಿಲ್ಲ.”